ಉಂಡ ಮನೆಯ ಜಂತೆ ಎಣಿಸುವ ಕೆಲಸ

ದೇಶ ಸುತ್ತಬೇಕು, ಇಲ್ಲವೇ ಕೋಶ ಓದಬೇಕು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಸುತ್ತುವುದಕ್ಕೆ ದುಡ್ಡು ಎಲ್ಲಿಂದ ತರಬೇಕು ಎಂಬುದನ್ನು ಮಾತ್ರ ಅವರು ಹೇಳಲಿಲ್ಲ. ಕೋಶವನ್ನಾದರೆ ಗ್ರಂಥಾಲಯದಿಂದ ತಂದು ಓದಬಹುದು. ದೇಶ ಸುತ್ತಲು ಬಸ್ಸಿನ ಚಾರ್ಜು ಬೇಕು, ಎರಡು ಹೊತ್ತಿನ ಊಟ ಬೇಕು, ರಾತ್ರಿ ತಲೆಯಿಡಲು ಒಂದು ಜಾಗ ಬೇಕು. ಹೆಣ್ಣುಮಕ್ಕಳಾದರೆ ಇವೆಲ್ಲಕ್ಕಿಂತ ಮೊದಲು ಮನೆಯವರ ಒಪ್ಪಿಗೆ ಬೇಕು. ಹೀಗಿರುವಾಗ, ಸುತ್ತಿದ್ದನ್ನು ಬರೆದು ಆ ಬರಹದಿಂದಲೇ ನಾಲ್ಕು ಕಾಸು ಸಂಪಾದಿಸುತ್ತೇನೆ ಎಂದು ಹೊರಟವಳನ್ನು ಜನ ಹೇಗೆ ನೋಡಿಯಾರು?

ಕೆಲವು ವರ್ಷಗಳಿಂದ ನಾನು ಇದೇ ಕೆಲಸ ಮಾಡುತ್ತಿದ್ದೇನೆ. "ನಿಮಗೆ ಇದಕ್ಕೆಲ್ಲ ಯಾರು ದುಡ್ಡು ಕೊಡುತ್ತಾರೆ?" ಎಂಬ ಪ್ರಶ್ನೆಯನ್ನು ಮದುವೆಮನೆಯಲ್ಲಿ ಕೇಳಿದ್ದೇನೆ, ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ಕೇಳಿದ್ದೇನೆ, ಮಗಳ ಕಾಲೇಜಿನಲ್ಲೂ ಕೇಳಿದ್ದೇನೆ. ಕೇಳುವವರ ದನಿಯಲ್ಲಿ ಕುತೂಹಲವಿರುತ್ತದೆ, ಕೆಲವೊಮ್ಮೆ ಅನುಮಾನವೂ ಇರುತ್ತದೆ. ನನಗೆ ಅದರಿಂದ ಬೇಸರವಿಲ್ಲ. ಒಬ್ಬರು ಬರೆದದ್ದನ್ನು ನಂಬಿ ಇನ್ನೊಬ್ಬರು ಮನೆಮಂದಿಯನ್ನು ಕಟ್ಟಿಕೊಂಡು ಹೊರಡುತ್ತಾರೆಂದ ಮೇಲೆ, ಬರೆದವರ ಹೊಟ್ಟೆ ಯಾರ ಅನ್ನದಿಂದ ತುಂಬಿದೆ ಎಂದು ಕೇಳುವ ಹಕ್ಕು ಅವರಿಗಿದೆ.

ನಮ್ಮೂರು ಹೊನ್ನಾವರ. ಜಗತ್ತಿನ ಅತಿ ದೊಡ್ಡ ಪ್ರವಾಸಿಗಳಲ್ಲಿ ಒಬ್ಬನಾದ ಇಬ್ನ್ ಬತೂತ ಈ ಊರಿಗೆ ಬಂದಿದ್ದ. ಮೊರಾಕ್ಕೋದ ತಾಂಜಿಯರಿನಲ್ಲಿ ಹುಟ್ಟಿದ ಅವನು 1325ರಲ್ಲಿ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಹಜ್ ಯಾತ್ರೆಗೆಂದು ಮನೆ ಬಿಟ್ಟವನು. 1342ರ ಸುಮಾರಿಗೆ ದೆಹಲಿಯಿಂದ ಹೊರಟು ಈ ಕರಾವಳಿಗೆ ತಲುಪಿದ. ಹೊನ್ನಾವರವನ್ನು ಅವನು ಹಿನಾವ್ರ್ ಎಂದು ಕರೆದಿದ್ದಾನೆ. ಇಲ್ಲಿನ ಹೆಂಗಸರಿಗೆ ಕುರ್‌ಆನ್ ಕಂಠಪಾಠವಿದೆ, ಹೆಣ್ಣುಮಕ್ಕಳಿಗೆ 13 ಮತ್ತು ಗಂಡುಮಕ್ಕಳಿಗೆ 23 ಶಾಲೆಗಳಿವೆ, ಇಂಥದ್ದನ್ನು ಬೇರೆಲ್ಲೂ ಕಾಣಲಿಲ್ಲ ಎಂದು ಹೇಳಿದ್ದಾನೆ. ಶಾಲೆಯಲ್ಲಿದ್ದಾಗ ಇದನ್ನು ಮೊದಲ ಬಾರಿ ಓದಿ ನಾನು ಹಿಗ್ಗಿದ್ದೆ. ದೊಡ್ಡವಳಾದ ಮೇಲೆ ಬೇರೊಂದು ಪ್ರಶ್ನೆ ಹುಟ್ಟಿತು. ಈ ಮನುಷ್ಯ ಇಷ್ಟು ವರ್ಷ ತಿರುಗಿದನಲ್ಲ, ಬದುಕಿಗೆ ಏನು ಮಾಡಿದ?

ಉತ್ತರ ಅವನ ಗ್ರಂಥದಲ್ಲೇ ಇದೆ. ಅವನು ಪ್ರವಾಸದಿಂದ ಸಂಪಾದಿಸಿದವನಲ್ಲ. ಧರ್ಮಶಾಸ್ತ್ರ ಕಲಿತಿದ್ದ, ಆ ವಿದ್ಯೆಯಿಂದ ಸಂಪಾದಿಸಿದ. ಮುಹಮ್ಮದ್ ಬಿನ್ ತುಘಲಕ್ ಅವನನ್ನು ದೆಹಲಿಯ ಖಾಜಿಯಾಗಿ ನೇಮಿಸಿ ವರ್ಷಕ್ಕೆ 12,000 ದೀನಾರ್ ಗೊತ್ತುಮಾಡಿದ. ಆದರೂ ಅವನು ಸಾಲಗಾರನಾದ. ಆ ಸಾಲವನ್ನು ಸುಲ್ತಾನನೇ ತೀರಿಸಬೇಕಾಯಿತು. ಮುಂದೆ ಮಾಲ್ದೀವ್ಸಿನಲ್ಲೂ ಖಾಜಿಯಾದ. ದಾರಿಯುದ್ದಕ್ಕೂ ರಾಜರು, ಶ್ರೀಮಂತರು ಕೊಟ್ಟ ಉಡುಗೊರೆಗಳಿಂದ ಬದುಕಿದ. ಪುಸ್ತಕವೆಂಬುದು ಕಟ್ಟಕಡೆಗೆ ಬಂತು. ಊರಿಗೆ ಮರಳಿದ ಮೇಲೆ ಮೊರಾಕ್ಕೋದ ಸುಲ್ತಾನ ಅಬೂ ಇನಾನನ ಅಪ್ಪಣೆಯಂತೆ ಇಬ್ನ್ ಜುಝಯ್ ಎಂಬ ವಿದ್ವಾಂಸ ಇವನು ಹೇಳಿದ್ದನ್ನು ಬರೆದುಕೊಂಡ. 1355ರಲ್ಲಿ ಅದು ಮುಗಿಯಿತು.

ಕನ್ನಡದ ಪ್ರವಾಸ ಕಥನಗಳನ್ನು ತೆಗೆದುಕೊಂಡರೂ ಬಹುಮಟ್ಟಿಗೆ ಇದೇ ಕತೆ. ವಿ.ಕೃ. ಗೋಕಾಕರ 'ಸಮುದ್ರದಾಚೆಯಿಂದ' ಅವರು ಓದಲೆಂದು ಇಂಗ್ಲೆಂಡಿಗೆ ಹೋದದ್ದರ ಫಲ. ನಮ್ಮ ಹೊನ್ನಾವರದವರೇ ಆದ ಕೃಷ್ಣಾನಂದ ಕಾಮತರ 'ನಾನೂ ಅಮೇರಿಕೆಗೆ ಹೋಗಿದ್ದೆ' ಕೂಡ ಉನ್ನತ ವ್ಯಾಸಂಗಕ್ಕೆಂದು ಹೋದ ವಿಜ್ಞಾನಿಯೊಬ್ಬರ ಪುಸ್ತಕ. 'ಅಮೆರಿಕಾದಲ್ಲಿ ಗೊರೂರು' ಕೃತಿಗೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆಗ ಗೊರೂರರು ಎಂದೋ ಹೆಸರು ಮಾಡಿದ್ದ ಹಿರಿಯ ಲೇಖಕರು. ಇವರಿಗೆಲ್ಲ ಪ್ರವಾಸ ಬರಹ ಊಟದ ಮೇಲಿನ ಎಲೆಯಡಿಕೆ. ಅದೇ ಊಟವಾಗಬೇಕೆಂದರೆ ಏನು ಪಾಡು ಎಂಬುದು ಅನುಭವಿಸಿದವರಿಗೇ ಗೊತ್ತು.

ನನ್ನ ಲೆಕ್ಕವನ್ನು ಬಿಚ್ಚಿಡುತ್ತೇನೆ. ನಮ್ಮ ಮನೆಯವರದು ಸಣ್ಣ ಕಿರಾಣಿ ಅಂಗಡಿ. ನಾನು ಮನೆಯಲ್ಲಿ ಹೊಲಿಗೆ ಮಾಡುತ್ತಿದ್ದೆ. ಒಮ್ಮೆ ಮಕ್ಕಳ ರಜೆಯಲ್ಲಿ ಶ್ರೀರಂಗಪಟ್ಟಣಕ್ಕೆ ಹೋಗಿ ಬಂದು ಒಂದು ಲೇಖನ ಬರೆದೆ. ಪತ್ರಿಕೆಯೊಂದರ ಪುರವಣಿಯಲ್ಲಿ ಅಚ್ಚಾಯಿತು. ಹೋಗಿ ಬರಲು ತಗುಲಿದ್ದು 4,200 ರೂಪಾಯಿ. ನಾಲ್ಕು ತಿಂಗಳ ಬಳಿಕ ಬಂದ ಸಂಭಾವನೆ 750 ರೂಪಾಯಿ. ಅಂಗಡಿಯ ಹಳೆಯ ಲೆಕ್ಕದ ಪುಸ್ತಕವೊಂದರ ಹಿಂಬದಿಯಲ್ಲಿ ಎರಡು ಸಾಲು ಗೀಟು ಹಾಕಿ, ಎಡಕ್ಕೆ ಖರ್ಚು, ಬಲಕ್ಕೆ ಆದಾಯ ಎಂದು ಬರೆದಿಟ್ಟೆ. ಮೊದಲ ವರ್ಷವಿಡೀ ಎಡಭಾಗವೇ ತುಂಬುತ್ತಾ ಹೋಯಿತು.

ಆದರೆ ಆ ವರ್ಷ ಒಂದು ಪಾಠ ಕಲಿತೆ. ಲೇಖನ ಓದಿ ನನ್ನ ನಂಬರು ಹುಡುಕಿ ಫೋನು ಮಾಡಿದ ಹೆಂಗಸರಲ್ಲಿ ಒಬ್ಬರೂ ನಾನು ಬರೆದ ಕಾವೇರಿಯ ವರ್ಣನೆಯ ಬಗ್ಗೆ ಮಾತಾಡಲಿಲ್ಲ. "ಅಲ್ಲಿ ಹೆಂಗಸರಿಗೆ ಶೌಚಾಲಯ ಉಂಟಾ?" "ನಮಾಜಿಗೆ ಜಾಗ ಸಿಗುತ್ತದಾ?" "ಮಗುವಿಗೆ ಬಿಸಿ ಹಾಲು ಎಲ್ಲಿ ಸಿಗುತ್ತದೆ?" "ಕೊನೆಯ ಬಸ್ಸು ಎಷ್ಟು ಗಂಟೆಗೆ?" ಇವೇ ಪ್ರಶ್ನೆಗಳು. ಸೂರ್ಯಾಸ್ತ ಯಾರ ಊರಿನಲ್ಲಿಲ್ಲ? ಹೊನ್ನಾವರದವರಿಗೆ ಅದನ್ನು ನೋಡಲು ಬಸ್ಸು ಹತ್ತಬೇಕಾಗಿಲ್ಲ. ಆದರೆ ಒಬ್ಬ ತಾಯಿ ಎರಡು ಮಕ್ಕಳನ್ನು ಕರೆದುಕೊಂಡು ಗೊತ್ತಿಲ್ಲದ ಊರಿನಲ್ಲಿ ಇಳಿದಾಗ ಅವಳಿಗೆ ಬೇಕಾಗುವ ಸಂಗತಿಗಳು ಯಾವ ಪುಸ್ತಕದಲ್ಲೂ ಇರಲಿಲ್ಲ. ಅಂದಿನಿಂದ ಪ್ರತಿ ಊರಿನಲ್ಲೂ ಮೊದಲು ಬಸ್ ನಿಲ್ದಾಣದ ಶೌಚಾಲಯ ನೋಡುತ್ತೇನೆ, ಆಮೇಲೆ ಸ್ಮಾರಕ. ಕುಡಿಯುವ ನೀರು, ವುಝೂ ಮಾಡಲು ನಲ್ಲಿ, ಮೆಟ್ಟಿಲುಗಳ ಸಂಖ್ಯೆ, ಆಟೋದವರು ಕೇಳುವ ಬಾಡಿಗೆ, ಎಲ್ಲವನ್ನೂ ಬರೆದುಕೊಳ್ಳುತ್ತೇನೆ. ಇಂಥ ಬರಹಗಳನ್ನು ಪುರವಣಿಗಳು ಕೇಳಿ ಹಾಕಿಸಿಕೊಳ್ಳತೊಡಗಿದವು. ಬಲಭಾಗದಲ್ಲೂ ಅಂಕಿಗಳು ಕಾಣಿಸಿಕೊಂಡವು.

ಅಂತರ್ಜಾಲದಲ್ಲಿ ಲಕ್ಷ ಲಕ್ಷ ಬರುತ್ತದಂತೆ ಎಂದು ಹೇಳುವವರಿದ್ದಾರೆ. ಬರುವವರಿಗೆ ಬರುತ್ತದೆ, ಸುಳ್ಳಲ್ಲ. ಅದರ ಲೆಕ್ಕವೂ ಗೊತ್ತಿರಲಿ. ಅಲ್ಲಿ ಓದುಗ ದುಡ್ಡು ಕೊಡುವುದಿಲ್ಲ, ಜಾಹೀರಾತುದಾರ ಕೊಡುತ್ತಾನೆ, ಅದೂ ಸಾವಿರ ನೋಟಗಳಿಗೆ ಇಷ್ಟು ಎಂಬ ದರದಲ್ಲಿ. ಯೂಟ್ಯೂಬಿನಲ್ಲಿ ವಿಡಿಯೋಗಳ ಜಾಹೀರಾತಿನ ಪಾಲು ಸಿಗಬೇಕಾದರೆ ಸಾಮಾನ್ಯವಾಗಿ ಒಂದು ಸಾವಿರ ಚಂದಾದಾರರೂ ಹನ್ನೆರಡು ತಿಂಗಳಲ್ಲಿ ನಾಲ್ಕು ಸಾವಿರ ಗಂಟೆಗಳ ವೀಕ್ಷಣೆಯೂ ಆಗಿರಬೇಕು. ಆಮೇಲೆ ಬಂದ ಜಾಹೀರಾತು ಹಣದಲ್ಲಿ ನೂರಕ್ಕೆ 55 ಪಾಲು ವಿಡಿಯೋ ಮಾಡಿದವರಿಗೆ. ಇನ್ನೊಂದು ದಾರಿ ದಲ್ಲಾಳಿಯದು. ನೀವು ಬರೆದದ್ದನ್ನು ಓದಿ ಯಾರಾದರೂ ಹೋಟೆಲು ಕೋಣೆ ಕಾದಿರಿಸಿದರೆ ನಿಮಗೆ ಕಮಿಷನ್. ಆದರೆ ನನ್ನ ಓದುಗರು ಇಳಿದುಕೊಳ್ಳುವ ನಾನೂರು ರೂಪಾಯಿಯ ಲಾಡ್ಜುಗಳು ಇಂಥ ಕಮಿಷನ್ನಿನ ವ್ಯವಹಾರದಲ್ಲೇ ಇಲ್ಲ. ಹಾಗಾಗಿ ಕಮಿಷನ್ ಬೇಕಾದವರ ಬರಹ ತಾನಾಗಿಯೇ ದುಬಾರಿ ಹೋಟೆಲುಗಳ ಕಡೆಗೆ ವಾಲುತ್ತದೆ. ಯಾರೂ ಸುಳ್ಳು ಹೇಳಬೇಕಾಗಿಲ್ಲ. ಬಡವರ ಲಾಡ್ಜು ಸುಮ್ಮನೆ ಕಾಣೆಯಾಗುತ್ತದೆ.

2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದದ್ದು ನನ್ನಂಥವಳಿಗೆ ದೊಡ್ಡ ತಿರುವು. ರಾಜ್ಯದೊಳಗೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟಿನ ದುಡ್ಡಿಲ್ಲ. ರಾಜಹಂಸ, ಎಸಿ, ಸ್ಲೀಪರ್ ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ. ಈ ಯೋಜನೆಯನ್ನು ಗೇಲಿ ಮಾಡಿದವರು ಬಹಳ. "ಹೆಂಗಸರೆಲ್ಲ ಮನೆ ಬಿಟ್ಟು ತಿರುಗಲು ಹೊರಟರು" ಎಂದು ನಗೆಚಾಟಿಕೆಗಳು ಹರಿದಾಡಿದವು. ನನ್ನ ಪುಸ್ತಕದ ಎಡಭಾಗದಲ್ಲಿ ಅತಿ ದೊಡ್ಡ ಅಂಕಿ ಬಸ್ಸಿನದೇ ಆಗಿತ್ತು. ಅದು ಒಮ್ಮೆಗೇ ಅಳಿಸಿಹೋಯಿತು. ಬೀದರಿನಲ್ಲಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದ್ರಸಾವನ್ನು ನಾನು ಕಣ್ಣಾರೆ ಕಂಡದ್ದು ಈ ಶೂನ್ಯ ಟಿಕೆಟಿನಲ್ಲೇ.

ನನ್ನ ಬರಹಕ್ಕೆ ಸ್ವಲ್ಪ ಹೆಸರು ಬರುತ್ತಿದ್ದಂತೆ ಒಂದು ದಿನ ಕರೆ ಬಂತು. ಕರಾವಳಿಯ ಒಂದು ಹಳ್ಳಿಯಲ್ಲಿ ಹೊಸದಾಗಿ ತೆರೆದ ರೆಸಾರ್ಟಿನವರು. ಕುಟುಂಬದೊಡನೆ ಎರಡು ರಾತ್ರಿ ಬಂದು ಇರಬೇಕು, ಊಟ ವಸತಿ ಅವರದೇ, ಮೇಲೆ 25,000 ರೂಪಾಯಿ. ಒಂದು ಒಳ್ಳೆಯ ಲೇಖನ ಬರೆಯಬೇಕು. "ಮುಸ್ಲಿಂ ಕುಟುಂಬಗಳು ನಿಮ್ಮನ್ನು ನಂಬುತ್ತವೆ ಮೇಡಂ" ಎಂದರು. ಆ ತಿಂಗಳು ಮಗಳ ಕಾಲೇಜಿಗೆ 22,000 ಶುಲ್ಕ ಕಟ್ಟುವುದಿತ್ತು. ದೇವರೇ ಕಳುಹಿಸಿದ ಹಾಗೆ ಕಾಣಿಸಿತು ಆ ಮೊತ್ತ.

ಬರೆಯುವ ಮೊದಲು ನೋಡಬೇಕಲ್ಲ? ನನ್ನ ಪಾಡಿಗೆ ನಾನು ಬಸ್ಸಿನಲ್ಲಿ ಆ ಹಳ್ಳಿಗೆ ಹೋದೆ. ಮೀನು ಮಾರುವ ಹೆಂಗಸರ ಜೊತೆ ಅರ್ಧ ದಿನ ಕುಳಿತೆ. ತಲೆಮಾರುಗಳಿಂದ ಬುಟ್ಟಿ ಹೊತ್ತು ದಡಕ್ಕೆ ಹೋಗುತ್ತಿದ್ದ ದಾರಿಗೆ ಬೇಲಿ ಬಿದ್ದಿದೆ, ಈಗ ಸುತ್ತಿಕೊಂಡು ಹೋಗಬೇಕು ಎಂದರು. ಬಾವಿ ನೀರು ಉಪ್ಪಾಗಿದೆ ಎಂದು ಒಬ್ಬಾಕೆ ಚೊಂಬಿನಲ್ಲಿ ತಂದು ಕುಡಿಸಿಯೇಬಿಟ್ಟಳು. ಕೊಳವೆಬಾವಿ ಕೊರೆದ ಮೇಲೆ ಹೀಗಾಯಿತು ಎಂಬುದು ಅವರ ದೂರು. ಕಾರಣ ಅದೇ ಹೌದೋ ಅಲ್ಲವೋ ಹೇಳಲು ನಾನು ಭೂವಿಜ್ಞಾನಿಯಲ್ಲ. ಆದರೆ ನೀರು ಉಪ್ಪಾಗಿತ್ತು, ಬೇಲಿ ಕಣ್ಣೆದುರಿಗಿತ್ತು. ರೆಸಾರ್ಟಿನವರಿಗೆ ಫೋನು ಮಾಡಿ, "ಬೇಲಿಯ ವಿಷಯವನ್ನೂ ಬರೆಯಬಹುದೇ?" ಎಂದು ಕೇಳಿದೆ. ಅವರು ಸಿಟ್ಟಾಗಲಿಲ್ಲ. ನಯವಾಗಿ ನಕ್ಕು, "ಮೇಡಂ, ನಾವು ಪ್ರವಾಸದ ಬಗ್ಗೆ ಬರೆಯಿರಿ ಅಂದದ್ದು" ಎಂದರು.

ಆ ರಾತ್ರಿ ಮನೆಯಲ್ಲಿ ಸಂಗತಿ ಹೇಳಿದೆ. ನಮ್ಮ ಮನೆಯವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಂಗಡಿಯಲ್ಲಿ ಅಷ್ಟು ಲಾಭ ಬರೋಕೆ ಎಷ್ಟು ದಿನ ಬೇಕು ಗೊತ್ತುಂಟಾ?" ಎಂದರು. ನಾನು ಸುಮ್ಮನಿದ್ದೆ. ಸ್ವಲ್ಪ ಹೊತ್ತಿನ ಮೇಲೆ ಅವರೇ ಹೇಳಿದರು: "ಜನ ನಿನ್ನ ಮಾತು ನಂಬಿ ಹೋಗ್ತಾರೆ. ದುಡ್ಡು ತಗೊಂಡು ಒಂದು ಬದಿ ಮಾತ್ರ ತೋರಿಸಿದರೆ, ನಾನು ತಕ್ಕಡಿಯ ತಟ್ಟೆ ಅಡಿಗೆ ಕಲ್ಲು ಅಂಟಿಸಿದ ಹಾಗೇ ಅಲ್ವಾ?" ಮೂವತ್ತು ವರ್ಷ ತೂಕ ಮಾಡಿದ ಮನುಷ್ಯನಿಗೆ ಇದಕ್ಕೆ ಬೇರೆ ಉದಾಹರಣೆ ಹುಡುಕಬೇಕಾಗಿರಲಿಲ್ಲ. ಮರುದಿನ ರೆಸಾರ್ಟಿಗೆ ಬರುವುದಿಲ್ಲ ಎಂದು ತಿಳಿಸಿದೆ. ಮಗಳ ಶುಲ್ಕಕ್ಕೆ ತಂಗಿ ಕೈಗಡ ಕೊಟ್ಟಳು. ಹತ್ತು ತಿಂಗಳಲ್ಲಿ ತೀರಿಸಿದೆವು.

ನಮ್ಮಲ್ಲಿ ಒಂದು ಮಾತಿದೆ: ಉಂಡ ಮನೆಯ ಜಂತೆ ಎಣಿಸಬಾರದು. ಅನ್ನ ಹಾಕಿದವರ ಮನೆಯ ಹುಳುಕು ಹುಡುಕಬಾರದು ಎಂದು ಅರ್ಥ. ನೆಂಟರ ಮನೆಗೆ ಇದು ಬಂಗಾರದಂಥ ನೀತಿ. ಆದರೆ ಪ್ರವಾಸದ ಬಗ್ಗೆ ಬರೆಯುವವರ ಕೆಲಸವೇ ಜಂತೆ ಎಣಿಸುವುದು. ಮಾಡು ಸೋರುತ್ತದೆಯೇ, ನೀರು ಸಿಹಿಯೇ, ಲೆಕ್ಕ ಸರಿಯಾಗಿ ಹೇಳುತ್ತಾರೆಯೇ, ಇದನ್ನು ತಿಳಿಯಲೆಂದೇ ಓದುಗರು ನಮ್ಮನ್ನು ಓದುವುದು. ಎಣಿಸುವುದೇ ಕಸುಬಾದ ಮೇಲೆ ಆ ಮನೆಯಲ್ಲಿ ಬಿಟ್ಟಿ ಉಣ್ಣಬಾರದು. ಎರಡೂ ಒಟ್ಟಿಗೆ ಆಗುವುದಿಲ್ಲ.

ಇಬ್ನ್ ಬತೂತನನ್ನೇ ನೋಡಿ. ಹೊನ್ನಾವರದ ಸುಲ್ತಾನ ಜಮಾಲುದ್ದೀನನ ಅತಿಥಿಯಾಗಿ ಹನ್ನೊಂದು ತಿಂಗಳು ಇದ್ದ. ಅಷ್ಟು ಕಾಲ ರೊಟ್ಟಿಯ ಮುಖ ಕಾಣದೆ ಅನ್ನವನ್ನೇ ತಿಂದೆ ಎಂದು ಹೇಳಿಕೊಂಡಿದ್ದಾನೆ. ಮುಂದಿನ ನಾಡುಗಳಲ್ಲೂ ಅನ್ನವೇ. ಕೊನೆಗೆ ನೀರು ಕುಡಿಯದೆ ಅನ್ನ ಗಂಟಲಿನಲ್ಲಿ ಇಳಿಯುತ್ತಿರಲಿಲ್ಲವಂತೆ. ಸುಲ್ತಾನನ ಊಟ ಉಂಡವನು ಹೀಗೆ ಮುಚ್ಚುಮರೆಯಿಲ್ಲದೆ ಹೇಳಿದನಲ್ಲ ಎಂದು ಮೆಚ್ಚಬಹುದು. ಆದರೆ ಅವನು ಅದನ್ನು ಹೇಳಿ ಬರೆಸಿದ್ದು ವರ್ಷಗಳ ನಂತರ, ಸಾವಿರಾರು ಮೈಲಿ ದೂರದ ಫೆಸ್ ನಗರದಲ್ಲಿ. ಆ ಹೊತ್ತಿಗೆ ಹೊನ್ನಾವರದ ಸುಲ್ತಾನನಿಂದ ಅವನಿಗೆ ಆಗಬೇಕಾದ್ದು ಏನೂ ಇರಲಿಲ್ಲ. ಫೆಸ್ಸಿನಲ್ಲಿ ಕೂತು ಬರೆಸುವಾಗ ಅಲ್ಲಿನ ಸುಲ್ತಾನ ಅಬೂ ಇನಾನನನ್ನು ಮಾತ್ರ ಧಾರಾಳವಾಗಿ ಹೊಗಳಿದ್ದಾನೆ.

ಈಗ ಇದಕ್ಕೆ ಕಾನೂನೂ ಬಂದಿದೆ. ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 2022ರಲ್ಲಿ ಹೊರಟ ಮಾರ್ಗಸೂಚಿಗಳೂ 2023ರ ಜನವರಿಯಲ್ಲಿ ಸರ್ಕಾರ ನೀಡಿದ ವಿವರಣೆಯೂ ಹೇಳುವುದು ಇಷ್ಟೇ: ದುಡ್ಡು, ಉಡುಗೊರೆ, ಉಚಿತ ವಸತಿ ಪಡೆದು ಯಾವುದನ್ನಾದರೂ ಹೊಗಳಿದರೆ ಅದನ್ನು ಎಲ್ಲರಿಗೂ ಕಾಣುವಂತೆ, ಅರ್ಥವಾಗುವ ಭಾಷೆಯಲ್ಲಿ ಹೇಳಬೇಕು. ದಾರಿ ತಪ್ಪಿಸುವ ಪ್ರಚಾರಕ್ಕೆ ಹತ್ತು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. 2022ರ ಜುಲೈ 1ರಿಂದ ಆದಾಯ ತೆರಿಗೆಯ ನಿಯಮವೂ ಬಿಗಿಯಾಯಿತು. ವ್ಯವಹಾರದ ನಿಮಿತ್ತ ಕೊಡುವ ಉಚಿತ ಸೌಲಭ್ಯ ವರ್ಷಕ್ಕೆ 20,000 ರೂಪಾಯಿ ಮೀರಿದರೆ, ಕೊಡುವವರು ಅದರ ಮೇಲೆ ನೂರಕ್ಕೆ ಹತ್ತರಂತೆ ತೆರಿಗೆ ಹಿಡಿಯಬೇಕು. ಅಂದರೆ ಬಿಟ್ಟಿ ಕೋಣೆಯೂ ಆದಾಯವೇ ಎಂದು ಸರ್ಕಾರ ಒಪ್ಪಿದಂತಾಯಿತು. ನನಗನಿಸುವುದು, ಹೇಳಿಬಿಟ್ಟರೆ ಕಾನೂನಿನ ಬಾಧ್ಯತೆ ತೀರುತ್ತದೆ, ಬೇಲಿಯಾಚೆ ಉಳಿದ ಹೆಂಗಸರ ವಿಷಯ ಹಾಗೆಯೇ ಉಳಿಯುತ್ತದೆ.

ಆ ಹಳ್ಳಿಯ ಬಗ್ಗೆ ನಾನು ಬರೆದೆ. ಮೀನಿನ ಬುಟ್ಟಿಗಳ ಬಗ್ಗೆ, ದಡದ ಗಾಳಿಮರಗಳ ಬಗ್ಗೆ, ಹೋಗುವ ಬಸ್ಸಿನ ಬಗ್ಗೆ, ಬೇಲಿಯ ಬಗ್ಗೆಯೂ. ಬಂದ ಸಂಭಾವನೆ 1,000 ರೂಪಾಯಿ. ಬೇಲಿ ಈಗಲೂ ಇದೆ.

ಹಾಗಾದರೆ ಸಂಪಾದನೆ ಎಲ್ಲಿಂದ? ಅದು ನಾನು ಎಣಿಸದೆ ಇದ್ದ ಕಡೆಯಿಂದ ಬಂತು. ನಮ್ಮ ಕೇರಿಯ ನಾಲ್ಕು ಹೆಂಗಸರು ಬಂದು, "ಬರೆದದ್ದು ಓದಿ ಸಾಕಾಯ್ತು, ನಮ್ಮನ್ನೂ ಕರೆದುಕೊಂಡು ಹೋಗು" ಎಂದರು. ನಾಲ್ವರು ಹದಿನೆಂಟಾದರು. ವಿಜಯಪುರಕ್ಕೆ ಹೊರಟೆವು. ತಲೆಗೆ 1,400 ರೂಪಾಯಿ. ಇದರಲ್ಲಿ ಲಾಡ್ಜಿಗೆ ಇಷ್ಟು, ಊಟಕ್ಕೆ ಇಷ್ಟು, ಆಟೋಗೆ ಇಷ್ಟು, ನನ್ನ ಕೂಲಿ 300 ಎಂದು ಚೀಟಿಯಲ್ಲಿ ಬರೆದು ಎಲ್ಲರ ಕೈಗೂ ಕೊಟ್ಟೆ. ಒಬ್ಬರೂ ಚೌಕಾಸಿ ಮಾಡಲಿಲ್ಲ. ಅವರಲ್ಲಿ ಆರು ಮಂದಿ ಅಲ್ಲಿಯವರೆಗೆ ಜಿಲ್ಲೆ ದಾಟಿದವರಲ್ಲ. ಆಧಾರ್ ಕಾರ್ಡುಗಳನ್ನು ಒಂದೇ ಚೀಲದಲ್ಲಿಟ್ಟುಕೊಂಡು ಹುಬ್ಬಳ್ಳಿಯಲ್ಲಿ ಬಸ್ಸು ಬದಲಾಯಿಸಿದೆವು.

ಗೋಲಗುಮ್ಮಟದ ಮೂಲೆಯ ಮಿನಾರಿನಲ್ಲಿ ಏಳು ಅಂತಸ್ತು ಹತ್ತಿದರೆ ಗುಮ್ಮಟದ ಒಳಗಿನ ಮೊಗಸಾಲೆ ಸಿಗುತ್ತದೆ. ಅಲ್ಲಿ ಪಿಸುಗುಟ್ಟಿದ್ದು ಎದುರು ಬದಿಗೆ ಕೇಳುತ್ತದೆ, ಕೂಗಿದ್ದು ಮತ್ತೆ ಮತ್ತೆ ಮರಳುತ್ತದೆ. ನಮ್ಮ ಗುಂಪಿನಲ್ಲಿ ಎಪ್ಪತ್ತರ ಹತ್ತಿರದ ಒಬ್ಬ ಖಾಲಾ ಇದ್ದರು. ಮಂಡಿನೋವು. ಬೇಡವೆಂದರೂ ಕೇಳದೆ ಅಂತಸ್ತಿಗೊಮ್ಮೆ ಕುಳಿತು ಕುಳಿತು ಹತ್ತಿ ಬಂದರು. ಉಳಿದವರೆಲ್ಲ ತಮ್ಮ ಮಕ್ಕಳ ಹೆಸರು ಕೂಗಿ ನಗುತ್ತಿದ್ದರು. ಖಾಲಾ ಗೋಡೆಗೆ ಬಾಯಿ ಹಚ್ಚಿ ಮೆಲ್ಲಗೆ ಏನೋ ಹೇಳಿದರು. ಆಚೆ ಬದಿಯಲ್ಲಿದ್ದ ನನಗೆ ಅದು ಸ್ಪಷ್ಟವಾಗಿ ಕೇಳಿತು. ತೀರಿಕೊಂಡ ಅವರ ಗಂಡನ ಹೆಸರು. ಐವತ್ತು ವರ್ಷದಲ್ಲಿ ಒಮ್ಮೆಯೂ ಅವರು ಆ ಹೆಸರನ್ನು ಬಾಯಿಬಿಟ್ಟು ಹೇಳಿದ್ದನ್ನು ನಾವು ಯಾರೂ ಕೇಳಿರಲಿಲ್ಲ. ನಮ್ಮ ಕಡೆಯ ಹಳೆಯ ಹೆಂಗಸರು ಗಂಡನ ಹೆಸರು ಹೇಳುವವರಲ್ಲ. ಇಳಿಯುವಾಗ ನನ್ನ ಕೈ ಹಿಡಿದುಕೊಂಡರು, ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಆ ಪ್ರವಾಸದಲ್ಲಿ ನನಗೆ ಉಳಿದದ್ದು 5,400 ರೂಪಾಯಿ. ರೆಸಾರ್ಟಿನ ಮೊತ್ತದ ಕಾಲುಭಾಗಕ್ಕಿಂತ ಕಡಿಮೆ. ಆದರೆ ಅದು ಒಮ್ಮೆ ಬಂದು ಹೋಗುವ ದುಡ್ಡಲ್ಲ. ಆಮೇಲೆ ಮಳೆಗಾಲ ಬಿಟ್ಟು ಹೆಚ್ಚುಕಡಿಮೆ ತಿಂಗಳಿಗೊಂದು ಗುಂಪು ಹೊರಟಿದೆ. ಹಿಂದೂ, ಕ್ರೈಸ್ತ ನೆರೆಯವರೂ ಸೇರುತ್ತಾರೆ. ಕಳೆದ ವರ್ಷದ ಕೊನೆಗೆ ಪುಸ್ತಕ ಕೂಡಿಸಿದಾಗ ಬಲಭಾಗ ಮೊದಲ ಬಾರಿಗೆ ನನ್ನ ಹೊಲಿಗೆಯ ಗಳಿಕೆಯನ್ನು ದಾಟಿತ್ತು. ಅದರಲ್ಲಿ ಲೇಖನಗಳ ಸಂಭಾವನೆ ಐದರಲ್ಲಿ ಒಂದು ಪಾಲು, ಉಳಿದದ್ದೆಲ್ಲ ಜೊತೆಗೆ ಕರೆದೊಯ್ದದ್ದರ ಕೂಲಿ. ಆದರೆ ಲೇಖನಗಳಿಲ್ಲದಿದ್ದರೆ ಆ ಹೆಂಗಸರು ನನ್ನನ್ನು ನಂಬಿ ಬಸ್ಸು ಹತ್ತುತ್ತಿರಲಿಲ್ಲ. ಆದ್ದರಿಂದ ಈ ಹಾದಿಯಲ್ಲಿ ಬರುತ್ತೇನೆ ಎನ್ನುವ ತಂಗಿಯರಿಗೆ ನಾನು ಹೇಳುವುದಿಷ್ಟೆ. ಕೈಯಲ್ಲಿ ಇನ್ನೊಂದು ಕಸುಬು ಇಟ್ಟುಕೊಳ್ಳಿ, ಹೊಲಿಗೆಯಂತ್ರ ಮಾರಬೇಡಿ. ಖರ್ಚನ್ನು ಮೊದಲು ಬರೆಯಿರಿ. ಓದುಗರಿಗೆ ನಿಜವಾಗಿ ಏನು ಬೇಕೋ ಅದನ್ನು ಕೊಡಿ. ಯಾರ ದುಡ್ಡು ಎಂಬುದನ್ನು ಕೇಳುವ ಮೊದಲೇ ಹೇಳಿಬಿಡಿ.

ಮುಂದಿನ ಗುಂಪು ಬೀದರಿಗೆ. ಈವರೆಗೆ ಹದಿನಾಲ್ಕು ಮಂದಿ ಹೆಸರು ಕೊಟ್ಟಿದ್ದಾರೆ. ಖಾಲಾ ಅವರದೇ ಮೊದಲ ಹೆಸರು. ಗವಾನನ ಮದ್ರಸಾದಲ್ಲಿ ಎಷ್ಟು ಮೆಟ್ಟಿಲು ಎಂದು ಅವರು ಆಗಲೇ ಎರಡು ಸಲ ಕೇಳಿದ್ದಾರೆ.